ಹನ್ನೊಂದನೇ ಎಲೆ

“ಬುದ್ಧಿ, ಕಂಪ್ಯೂಟರುಗಳಿಗೆ ಐಪಿ ವಿಳಾಸವನ್ನು ನಾವೇ ಕೊಡುವುದು ಮೇಲೋ, ತಾನಾಗಿ ಸಿಕ್ಕಿದ್ದನ್ನು ಒಪ್ಪಿಕೊಳ್ಳುವುದು ಮೇಲೋ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮರುಳಯ್ಯ ಮಠದ ಕಚೇರಿಯನ್ನು ನೋಡಿಕೊಳ್ಳುವ ಶಿಷ್ಯ. ಕಚೇರಿಯ ಮೂಲೆಯಲ್ಲಿ ಒಂದು ವೈಫೈ ಪೆಟ್ಟಿಗೆಯಿತ್ತು. ಬೆಳಿಗ್ಗೆ ಯಾವ ಯಂತ್ರ ಎದ್ದರೂ ಅದಕ್ಕೊಂದು ನಂಬರು ಕೊಡುತ್ತಿತ್ತು, ಯಂತ್ರ ಮಲಗಿದ ಮೇಲೆ ವಾಪಸು ಪಡೆಯುತ್ತಿತ್ತು. ಆ ನಂಬರೇ ವಿಳಾಸ. ಅದನ್ನು ನೋಡಿಕೊಂಡೇ ಕಾಗದಪತ್ರ ಬಂದು ಸೇರಬೇಕು.

ಅಂದು ನಾಲ್ಕು ಗಂಟೆಗೆ ಮಠದಲ್ಲಿ ಹೊಲಿಗೆ ಕಲಿತ ಅರವತ್ತು ಹೆಂಗಸರಿಗೆ ಪ್ರಮಾಣಪತ್ರ ಕೊಡಬೇಕಿತ್ತು. ಅವರು ಆಗಲೇ ತಾವೇ ಹೊಲಿದ ರವಿಕೆ ತೊಟ್ಟು ಅಂಗಳದಲ್ಲಿ ನಗುತ್ತ ಕೂತಿದ್ದರು. ಪ್ರಿಂಟರ್ ಮಾತ್ರ ಬೆಳಗಿನಿಂದ ಮೌನವ್ರತ ಹಿಡಿದಿತ್ತು.

ತಪ್ಪು ಪೆಟ್ಟಿಗೆಯದು ಎಂಬುದರಲ್ಲಿ ಮರುಳಯ್ಯನಿಗೆ ಸಂಶಯವಿರಲಿಲ್ಲ. ತನ್ನ ಕಂಪ್ಯೂಟರಿಗೆ ನಿನ್ನೆ ತಾನೇ ಕೈಯಾರೆ ಏಳನೇ ನಂಬರು ಬರೆದುಕೊಂಡಿದ್ದ. ಏಳು ಅವನಿಗೆ ಆಗಿಬರುವ ಸಂಖ್ಯೆ. ಪೆಟ್ಟಿಗೆಗೆ ಅದನ್ನು ತಿಳಿಸಿರಲಿಲ್ಲ. ಗುರುಗಳಿಗೂ ತಿಳಿಸಲಿಲ್ಲ. ಅಂಥ ಸಣ್ಣ ವಿಷಯಕ್ಕೆ ದೊಡ್ಡವರ ಸಮಯ ಹಾಳುಮಾಡುವುದು ಅವನ ಸ್ವಭಾವವಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕ ಮಗಳ ಮದುವೆ ಮಾಡಿದ. ಪಂಕ್ತಿಗೆ ನೂರು ಎಲೆ. ಬಾಗಿಲಲ್ಲಿ ಒಬ್ಬ ಮುದುಕ ಕೂತು, ಬಂದವರಿಗೆಲ್ಲ ಎಲೆಯ ನಂಬರಿರುವ ಬಿಲ್ಲೆ ಕೊಡುತ್ತಿದ್ದ. ಉಂಡವರು ಬಿಲ್ಲೆ ಹಿಂದಿರುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಯಾರಿಗೂ ತೊಂದರೆಯಿರಲಿಲ್ಲ.

ಹುಡುಗಿಯ ಸೋದರಮಾವನಿಗೆ ಈ ಏರ್ಪಾಡು ಹಿಡಿಸಲಿಲ್ಲ. ಅವನು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದೇ ಬಾಳಿದವನು. ಸೋದರಮಾವನಾದವನು ಬಿಲ್ಲೆಗೆ ಕೈ ಚಾಚುವುದೆ? ಯಾರೂ ಇಲ್ಲದಾಗ ಹಿಂಬಾಗಿಲಿನಿಂದ ಹೋಗಿ, ಫ್ಯಾನಿನ ಕೆಳಗಿನ ಹನ್ನೊಂದನೇ ಎಲೆಯ ಮುಂದೆ ಟವೆಲ್ ಹಾಸಿ ಬಂದ. ಮುದುಕನಿಗೆ ಹೇಳಲಿಲ್ಲ. ಮುದುಕ ಹನ್ನೊಂದರ ಬಿಲ್ಲೆಯನ್ನು ಓಲಗದವನಿಗೆ ಕೊಟ್ಟ.

ಇಬ್ಬರೂ ಒಂದೇ ಎಲೆಗೆ ಕೂತರು.

“ನನ್ನ ಟವೆಲ್ ಕಾಣಲಿಲ್ಲವೇನಯ್ಯ?” ಎಂದ ಮಾವ.

“ಕಂಡಿತು ಯಜಮಾನರೆ. ಊಟ ನಿಮಗೋ ಟವೆಲ್ಲಿಗೋ ತಿಳಿಯಲಿಲ್ಲ,” ಎಂದು ಓಲಗದವನು ಬಿಲ್ಲೆ ತೋರಿಸಿದ.

ಒಬ್ಬಟ್ಟು ಬಂತು. ಬಡಿಸುವವನು ಒಂದು ಎಲೆಯ ಹಿಂದೆ ನಾಲ್ಕು ಮೊಣಕಾಲು ಕಂಡ. ಯಾರಿಗೆ ಬಡಿಸಿದರೂ ಇನ್ನೊಬ್ಬನ ಜಗಳ ತಪ್ಪದು ಎಂದು ನೇರ ಹನ್ನೆರಡಕ್ಕೆ ಹೋದ. ತುಪ್ಪವೂ ಹಾಗೆಯೇ ಹೋಯಿತು. ಮೂರನೇ ಸಲವೂ ಒಬ್ಬಟ್ಟು ಮಾವನನ್ನು ದಾಟಿ ಹೋಯಿತು. ಒಡಹುಟ್ಟಿದ ತಂಗಿಯ ಮಗಳ ಮದುವೆ, ಒಂದೇ ಒಂದು ಒಬ್ಬಟ್ಟಿಲ್ಲ.

ಅವನು ಎದ್ದು ಹೋಗಿ ಮುದುಕನನ್ನು ಗದರಿದ. ಮುದುಕ ಹೇಳಿದ: “ಹನ್ನೊಂದೇ ಬೇಕು ಅಂತ ಬೆಳಿಗ್ಗೆ ನನ್ನ ಕಿವಿಗೆ ಹಾಕಿದ್ದರೆ ಆ ಬಿಲ್ಲೆ ತೆಗೆದಿಡುತ್ತಿದ್ದೆ. ನೀರಿನ ಹಂಡೆಗೆ ಖಾಯಂ ಜಾಗ ಕೊಟ್ಟಿಲ್ಲವೆ? ಅದನ್ನು ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ. ನಿಮ್ಮನ್ನು ಹುಡುಕಿಕೊಂಡು ಬರಬೇಕಾದ್ದು ಒಬ್ಬಟ್ಟು ಒಂದೇ. ಅದಕ್ಕೆ ಬಿಲ್ಲೆ ಸಾಕು.”

ಮಾವ ನಲವತ್ತಮೂರರ ಬಿಲ್ಲೆ ಹಿಡಿದು ಒಳಗೆ ಹೋದ. ಅದು ಅಡಿಗೆಮನೆಯ ಬಾಗಿಲ ಪಕ್ಕದ ಎಲೆ. ಕಾವಲಿಯಿಂದ ಇಳಿದ ಒಬ್ಬಟ್ಟು ಮೊದಲು ಬೀಳುವುದು ಅಲ್ಲಿಗೇ. ಒಂಬತ್ತು ಉಂಡ. ಆ ಜಾಗವನ್ನು ತಾನೇ ಹುಡುಕಿ ಆರಿಸಿಕೊಂಡೆನೆಂದು ಸಾಯುವವರೆಗೂ ಹೇಳುತ್ತಿದ್ದ. ಹನ್ನೊಂದರಲ್ಲಿ ಓಲಗದವನಿಗೂ ಕಡಿಮೆಯಾಗಲಿಲ್ಲ. ಆ ಮಧ್ಯಾಹ್ನ ಅವನು ಊದಿದ ರಾಗ ಸ್ವಲ್ಪ ಭಾರವಾಗಿತ್ತು.

ಮರುಳಯ್ಯ ಮನಸಾರೆ ನಕ್ಕ. “ಎಂಥ ಮನುಷ್ಯ ಬುದ್ಧಿ! ಆ ಮುದುಕನಿಗೆ ಒಂದು ಮಾತು ಹೇಳಿಬಿಡಬಾರದಿತ್ತೆ?”

ಗುರುಗಳೂ ನಕ್ಕರು. ಅಂಗಳದ ಹೆಂಗಸರ ಕಡೆ ನೋಡುತ್ತ ಕೇಳಿದರು:

“ಪ್ರಿಂಟರಿನ ಎಲೆಯ ಮುಂದೆ ಯಾರ ಟವೆಲ್ ಇದೆ, ಮರುಳಯ್ಯ?”

ಮರುಳಯ್ಯ ಕಚೇರಿಗೆ ಹೋಗಿ, ಪೆಟ್ಟಿಗೆ ಪ್ರಿಂಟರಿಗೆ ಕೊಟ್ಟಿದ್ದ ಏಳನ್ನು ತನ್ನ ಕಂಪ್ಯೂಟರಿನಿಂದ ಅಳಿಸಿದ. ಮೂರೂವರೆಗೆ ಪ್ರಿಂಟರ್ ಮಾತಾಡಿತು.