ಇನ್ನೂರು ಡಬ್ಬಿ ಕರದಂಟು ಮತ್ತು ದುಂಡಪ್ಪನ ವಿಪಿಎನ್

ಅಮೀನಗಡದ ಶಿವಗಂಗವ್ವನಿಗೆ ಒಬ್ಬನೇ ಮಗ, ದುಂಡಪ್ಪ. ಒಬ್ಬನೇ ಆದದ್ದು ಊರಿನ ಪುಣ್ಯ. ಹೇಳಿದ ಮಾತು ಹೇಳಿದ ಹಾಗೇ ಕೇಳುವ ಮಗ ಬೇಕೆಂದು ಹರಕೆ ಹೊತ್ತಿದ್ದಳಂತೆ. ದೇವರೂ ಹೇಳಿದ ಹಾಗೇ ಕೊಟ್ಟುಬಿಟ್ಟ!

ಅವಳದು ಕರದಂಟಿನ ಅಂಗಡಿ. ವಿಜಯಪುರದಲ್ಲಿ ಇನ್ನೊಂದು ಅಂಗಡಿ. ಅದು ಅವಳ ತಂಗಿ ನೀಲವ್ವನ ಕೈಯಲ್ಲಿ. ಅಲ್ಲಿಯ ಆರ್ಡರು ಇಲ್ಲಿಗೆ ಬರಲೆಂದು ಎರಡೂ ಅಂಗಡಿಯ ಕಂಪ್ಯೂಟರುಗಳ ನಡುವೆ ಒಂದು ಪ್ರತ್ಯೇಕ ಲೈನು. ಅದರ ಬಾಡಿಗೆ ಅಂಗಡಿಯ ಬಾಡಿಗೆಗಿಂತ ಜಾಸ್ತಿ. ಹೀಗೇ ಹೋದರೆ ನೀಲವ್ವನ ಅಂಗಡಿಗೆ ಬೀಗ ಬೀಳುವುದು ಖಂಡಿತವಾಗಿತ್ತು.

ಇಂಜಿನಿಯರ್ ವಿಲಾಸ ಬಂದ. "ಆ ಲೈನ್ ಬಿಡ್ರಿ ಅಕ್ಕಾರ. ಸಾದಾ ಇಂಟರ್ನೆಟ್ಟಿನಾಗ ವಿಪಿಎನ್ ಅಂತ ಒಂದು ಗುಟ್ಟಿನ ದಾರಿ ಹಾಕೋಣು. ನಮ್ಮ ಸುದ್ದಿ ನಮ್ಮ ಎರಡು ಅಂಗಡಿಗಷ್ಟ ಗೊತ್ತಾಗ್ತದ, ಖರ್ಚೂ ಇಳೀತದ" ಅಂದ. ಹಳೇ ಲೈನು ತೆಗೆಸಿ ಹೊಸದು ಹಾಕಿದ. ಹೋಗುವಾಗ, ಕಂಪ್ಯೂಟರಿನ ಮುಂದೆ ಕೂರುವ ದುಂಡಪ್ಪನಿಗೆ ಅದರ ಪಾಸ್‌ವರ್ಡ್ ಕೊಟ್ಟು ಹೇಳಿದ: "ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ."

ಮರುದಿನ ನೀಲವ್ವನ ಫೋನು. "ದುಂಡಪ್ಪ, ಪಾಸ್‌ವರ್ಡ್ ಹೇಳಪಾ."

"ಹೇಳಂಗಿಲ್ಲ ಚಿಗವ್ವ."

ಎಂಟು ಸಲ ಕೇಳಿದಳು, ಎಂಟು ಸಲವೂ ಹೇಳಲಿಲ್ಲ. ದಿನವಿಡೀ ವಿಜಯಪುರದಿಂದ ಒಂದು ಆರ್ಡರೂ ಬರಲಿಲ್ಲ. ಶಿವಗಂಗವ್ವನ ಮೈ ಉರಿಯಿತು.

"ಏ ದುಂಡ್ಯಾ, ಚಿಗವ್ವಗ ಹೇಳಬಾರದೇನೋ? ಆಕೀಗೆ ಕಾಣೂ ಹಂಗ ದೊಡ್ಡದಾಗಿ ಬರದಿಡು!"

"ಹೂಂ ಯವ್ವ."

ಮುಂದಿನ ವಾರ ಚಿಗವ್ವ ಬರುವವಳಿದ್ದಳು. ದುಂಡಪ್ಪ ಬೀದಿಯ ಬೋರ್ಡಿನ ಮೇಲೆ, ಕರದಂಟಿನ ದರದ ಕೆಳಗೆ, ಮೊಳದುದ್ದದ ಅಕ್ಷರದಲ್ಲಿ ಪಾಸ್‌ವರ್ಡ್ ಬರೆದ. ಎದುರಂಗಡಿಯವನು ಕನ್ನಡಕ ಹಾಕಿಕೊಂಡು ಓದುತ್ತಿದ್ದ. ವಿಲಾಸ ಓಡಿ ಬಂದು ಪಾಸ್‌ವರ್ಡ್ ಬದಲಿಸಿದ.

"ಎಳ್ಳಷ್ಟೂ ಬುದ್ಧಿ ಇಲ್ಲೇನೋ ನಿನಗ?" ಅವ್ವ ಬೈದಳು. "ಯಾರ ಕಣ್ಣಿಗೂ ಬೀಳದಂಗ ಡಬ್ಬ್ಯಾಗ ಮುಚ್ಚಿ ಕಳಸಬೇಕು!"

"ಹೂಂ ಯವ್ವ."

ಮುಚ್ಚಿದ. ಹೊಸ ಪಾಸ್‌ವರ್ಡಿನ ಚೀಟಿಯನ್ನು ಕರದಂಟಿನ ಉಂಡೆಯೊಳಗೆ ಒತ್ತಿ, ಡಬ್ಬಿಗೆ ಹಾಕಿ, ಬಸ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದ. ನೀಲವ್ವ ಅದನ್ನು ಗಿರಾಕಿಗೆ ಮಾರಿದಳು. ಗಿರಾಕಿ ಅರ್ಧ ಅಗಿದ ಚೀಟಿ ತಂದು ಅವಳ ಮುಂದೆ ಉಗುಳಿದ.

ಶಿವಗಂಗವ್ವ ಹಣೆ ಚಚ್ಚಿಕೊಂಡಳು. ಇಂಥವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದ ತನ್ನ ಮೇಲೇ ಅವಳಿಗೆ ಸಿಟ್ಟು.

"ಬಸ್ಸಿಗೆ ಯಾಕ ಹಾಕಿದೆಲೇ? ವಿಪಿಎನ್ ಯಾತಕ್ಕ ಹಾಕ್ಸೇವಿ? ಇನ್ನ ಮುಂದ ಆ ಅಂಗಡಿಗೆ ಹೋಗೂದೆಲ್ಲಾ ಅದರಾಗ ಹೋಗಬೇಕು! ತಿಳೀತೇನು?"

"ತಿಳೀತು ಯವ್ವ."

ಅಷ್ಟರಲ್ಲಿ ವಿಜಯಪುರದ ಮದುವೆಮನೆಯೊಂದರಿಂದ ಇನ್ನೂರು ಡಬ್ಬಿಯ ಆರ್ಡರ್ ಬಂತು. ಅದು ಕೈತಪ್ಪಿದರೆ ಲೈನಿನ ಖರ್ಚು ಉಳಿಸಿಯೂ ನೀಲವ್ವನ ಅಂಗಡಿ ಉಳಿಯುತ್ತಿರಲಿಲ್ಲ. ಶಿವಗಂಗವ್ವ ಮೂರು ದಿನ ಒಲೆಯ ಮುಂದೆ ನಿಂತು ಕರದಂಟು ಕಟ್ಟಿದಳು. ನಾಲ್ಕನೆಯ ದಿನ ಮುಂಜಾನೆ, ವಿಜಯಪುರಕ್ಕೆ ಕಳಿಸೆಂದು ಮಗನಿಗೆ ಡಬ್ಬಿ ಒಪ್ಪಿಸಿ, ಮನೆಗೆ ಹೋಗಿ ಮಲಗಿ, ಮಧ್ಯಾಹ್ನ ಎದ್ದು ಸ್ನಾನಕ್ಕೆ ಹೋದಳು.

ತಲೆ ಒರೆಸಿಕೊಳ್ಳುತ್ತಿದ್ದಾಗ ನೀಲವ್ವನ ಫೋನು. "ಅಕ್ಕಾ, ಬೀಗರು ಬಂದು ಕುಂತಾರ. ಬಸ್ಸಿನ್ಯಾಗ ಒಂದು ಡಬ್ಬೀನೂ ಬಂದಿಲ್ಲ!"

ಶಿವಗಂಗವ್ವ ಅಂಗಡಿಗೆ ಓಡಿದಳು. ಕಂಪ್ಯೂಟರಿನ ಸುತ್ತ ಡಬ್ಬಿಯ ರಾಶಿ. ನಡುವೆ ದುಂಡಪ್ಪ ಕೂತು, ಇಂಟರ್ನೆಟ್ಟಿನ ಪುಟ್ಟ ಪೆಟ್ಟಿಗೆಯ ತೂತಿಗೆ ಹೆಬ್ಬೆರಳಿನಿಂದ ಕರದಂಟು ತುರುಕುತ್ತಿದ್ದ. ಪೆಟ್ಟಿಗೆಯ ದೀಪಗಳೆಲ್ಲ ಆರಿದ್ದವು. ಬೆಲ್ಲದ ಪಾಕ ಮೇಜಿನಿಂದ ಇಳಿಯುತ್ತಿತ್ತು.

ಅವ್ವನನ್ನು ಕಂಡು ಅವನಿಗೇ ಸಿಟ್ಟು ಬಂತು.

"ಮುಂಜಾನಿಂದ ಒಂದು ಡಬ್ಬೀನೂ ಪೂರಾ ಹೋಗವಲ್ಲದು. ಖರ್ಚು ಉಳಸ್ತೀನಂತ ಇಷ್ಟು ಸಣ್ಣ ತೂತಿಂದು ಯಾಕ ಹಾಕ್ಸಿದೆಬೇ?"