ಕಂಬದ ಹಿಂದಿನ ಎಲೆ

ಹೊಳೆ ದಂಡೆಯ ಮಠದಲ್ಲಿ ಗುರು ಶಾಂತಲಿಂಗಯ್ಯ ಮೊದಲು ಮರ ಕೆತ್ತುವುದನ್ನು ಕಲಿಸುತ್ತಿದ್ದರು. ಈಗ ಅದನ್ನೇ ಕಂಪ್ಯೂಟರಿನಲ್ಲಿ ಕಲಿಸುತ್ತಾರೆ. ಶಿಷ್ಯೆ ನೀಲಾಂಬಿಕೆ ಜಾಣೆ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ.

ಮಠದಲ್ಲಿ ಪದ ಹಾಡುವ ರುದ್ರಮುನಿ ಅಜ್ಜನಿಗೆ ಕಣ್ಣು ಕಾಣದು. ಅವರು ಒಮ್ಮೆ ಅಂದಿದ್ದರು: "ನಲವತ್ತ ವರ್ಷ ಈ ಬಾಗಲಾ ದಾಟೀನಿ. ಕೈ ಎಟಕೂತನಕ ಅಷ್ಟ ಗೊತ್ತು. ಮ್ಯಾಲಿನ ಕಮಾನು ಹೆಂಗೈತೋ."

ನೀಲಾಂಬಿಕೆ ಆ ಬಾಗಿಲಿನ ಪುಟ್ಟ ಮಾಡೆಲ್ ಮಾಡಿ, ತ್ರೀಡಿ ಪ್ರಿಂಟ್ ತೆಗೆದು ಅವರ ಕೈಗಿಟ್ಟಳು. ಅಂಚು ಚೂಪಾಗಿತ್ತು. ಬೆರಳು ಕೊಯ್ದಿತು. ಅಜ್ಜ ನಕ್ಕರು, ಮತ್ತೆ ಮುಟ್ಟಲಿಲ್ಲ. ಅವಳಿಗೆ ಅದೇ ಸಂಕಟ.

ಅಂಚು ದುಂಡಗಾಗಲೆಂದು ಕಂಪ್ಯೂಟರಿನ ಮಾಡೆಲ್‌ಗೆ ಬೆವೆಲ್ ಎಂಬ ಸಾಧನ ಹಾಕಿದಳು. ಮೌಸ್ ಎಷ್ಟು ಎಳೆದರೂ ಅಂಚು ಕೂದಲೆಳೆಯಷ್ಟು ದುಂಡಾಗಿ ನಿಂತುಬಿಡುತ್ತಿತ್ತು. ಯಂತ್ರಕ್ಕೆ ಸಹಸ್ರನಾಮಾರ್ಚನೆಯೂ ಆಯಿತು. ಕೊನೆಗೆ ಗುರುಗಳನ್ನು ಕರೆದಳು.

"ಅಪ್ಪಾರ, ಇದರಾಗ ಕ್ಲ್ಯಾಂಪ್ ಅಂತ ಐತ್ರಿ. ಅಂಚು ಒಂದಕ್ಕೊಂದು ಹಾಯದಂಗ ಅದ ತಡೀತಿತ್ತು. ತಗದುಬಿಟ್ಟೆ."

"ಆಮ್ಯಾಲ?"

"ಅಂಚು ಒಂದರಾಗೊಂದು ಹೊಕ್ಕೊಂಡು ಎಲ್ಲಾ ಕೆಟ್ಟು ಕುಂತೈತ್ರಿ. ನನ್ನ ಕೈಲೆ ಆಗೂದಿಲ್ಲ. ಬ್ಯಾರೇದೋರಿಗೆ ಕೊಡ್ರಿ."

ಗುರುಗಳು ಪರದೆಯತ್ತ ನೋಡಲೇ ಇಲ್ಲ. "ಗಂಟಿ ಆತು. ಉಣ್ಣಾಕ ನಡಿ," ಅಂದರು.

ಮಠದ ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸಿದ ಮೇಲೆ ಗುರುಗಳು ಮೊದಲ ತುತ್ತು ಎತ್ತಬೇಕು, ಆಮೇಲೆ ಉಳಿದವರು. ಅವತ್ತು ಅನ್ನ ಆರುತ್ತಿತ್ತು. ಗುರುಗಳು ಸುಮ್ಮನೆ ಕೂತಿದ್ದರು. ನೀಲಾಂಬಿಕೆ ತಡೆಯಲಾರದೆ ಅನ್ನಕ್ಕೆ ಕೈ ಹಾಕಿದಳು.

"ಕೈ ತಗಿ."

"ಎಲ್ಲಾರಿಗೂ ಬಡಿಸ್ಯಾರಲ್ರಿ. ಇನ್ನ ಯಾಕ ತಡ?"

"ಎದ್ದು ಹೋಗಿ ನೋಡಿ ಬಾ."

ಅವಳು ಸಾಲು ಹಿಡಿದು ನಡೆದಳು. ಕೊನೆಯಲ್ಲಿ, ಕಂಬದ ಹಿಂದೆ, ರುದ್ರಮುನಿ ಅಜ್ಜ ಕೂತಿದ್ದರು. ಎಲೆ ಬರಿದಾಗಿತ್ತು.

"ಯಾಕ ಕೂಗಲಿಲ್ರಿ ಅಜ್ಜಾರ?"

"ಬರ್ತಾರ ಅಂದ್ಕೊಂಡಿದ್ದೆ ಯವ್ವಾ."

ಅವಳೇ ಅನ್ನ, ಸಾರು ಬಡಿಸಿದಳು. ಗುರುಗಳು ತುತ್ತು ಎತ್ತಿದರು. ಇಡೀ ಸಾಲು ಉಣ್ಣತೊಡಗಿತು.

ಊಟವಾದದ್ದೇ ಅವಳು ಕೈ ಒರೆಸಿಕೊಳ್ಳುತ್ತ ಓಡಿದಳು. ಕ್ಲ್ಯಾಂಪನ್ನು ಮತ್ತೆ ಹಾಕಿದಳು. ಈ ಸಲ ದೊಡ್ಡ ಅಂಚುಗಳ ಗೋಜಿಗೆ ಹೋಗದೆ ಮೂಲೆ ಮೂಲೆ ಹುಡುಕಿದಳು. ಕಮಾನಿನ ಹಿಂಬದಿಯ ಬುಡದಲ್ಲಿ ಸಾಸಿವೆಗಿಂತ ಚಿಕ್ಕದೊಂದು ಅಂಚು ಸಿಕ್ಕಿತು. ಎಂದೋ ತಪ್ಪಿ ಎಳೆದ ಗೆರೆಯ ತುಂಡು, ಅವಳದೇ ಕೆಲಸ. ಅದು ತಾಳುವಷ್ಟು ಅಗಲಕ್ಕೇ ಕ್ಲ್ಯಾಂಪ್ ಉಳಿದ ಅಂಚುಗಳನ್ನೆಲ್ಲ ನಿಲ್ಲಿಸಿತ್ತು.

ಅದರ ಎರಡು ತುದಿ ಕೂಡಿಸಿ ಒಂದೇ ಚುಕ್ಕೆ ಮಾಡಿದಳು. ಬೆವೆಲ್ ಎಳೆದಳು. ಇಡೀ ಬಾಗಿಲು ಒಟ್ಟಿಗೆ ದುಂಡಾಯಿತು.

ಮರುದಿನ ಸಂಜೆ ಹೊಸ ಪ್ರಿಂಟನ್ನು ಅಜ್ಜ ಅಂಜುತ್ತಲೇ ಮುಟ್ಟಿದರು. ಬೆರಳು ಮೇಲೇರಿತು, ಕೈ ಎಟಕುವ ಎತ್ತರ ದಾಟಿ ಕಮಾನಿಗೆ ಬಂದು ನಿಂತಿತು.

"ಇಲ್ಲೊಂದು ಹಕ್ಕಿ ಐತಿ."

"ಎರಡ ಅದಾವ್ರಿ ಅಜ್ಜಾರ," ಅಂದಳು.

ಅಷ್ಟರಲ್ಲಿ ಊಟದ ಗಂಟೆ ಬಡಿಯಿತು. ಅಜ್ಜ ಗಡಬಡಿಸಿ ಕೈ ತೆಗೆದರು. ಗುರುಗಳು ಆ ಕೈ ಹಿಡಿದು ಮತ್ತೆ ಕಮಾನಿನ ಮೇಲಿಟ್ಟರು.

"ಇನ್ನೊಂದು ಹಕ್ಕೀನೂ ನೋಡ್ರಿ. ಪಂಕ್ತಿ ಕಾಯ್ತೈತಿ."