ಹಾವಿನ ತೊಡೆ

ಗರಡಿಮನೆಯಲ್ಲಿ ಪಟ್ಟು ಕಲಿತು ಆಗಷ್ಟೇ ಹೊರಬಂದಿದ್ದ ಮುಂಗುಸಿಯನ್ನು ಕೋಳಿ ಓಡಿಹೋಗಿ ಕರೆತಂದಿತು. ಗೂಡಿನೊಳಗೆ ನಾಗರಹಾವು ಕೋಳಿಯ ಮೊಟ್ಟೆಗಳನ್ನು ಸುತ್ತಿಕೊಂಡು ಕೂತಿತ್ತು.

ಮುಂಗುಸಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಟಪಟನೆ ತೊಡೆ ತಟ್ಟಿತು. "ಈಗ ನೀವು ತಟ್ಟಬೇಕು. ಎದುರಾಳಿ ತೊಡೆ ತಟ್ಟದೆ ಮೈಮುಟ್ಟುವುದು ನಮ್ಮ ಗರಡಿಯಲ್ಲಿ ಮಹಾ ಅಪಚಾರ."

ಹಾವು ತನ್ನ ಮೈಯನ್ನು ಬಾಲದ ತುದಿಯವರೆಗೂ ನೋಡಿಕೊಂಡಿತು. "ನನಗೆ ತೊಡೆಯೇ ಇಲ್ಲವಲ್ಲ ಸ್ವಾಮಿ."

ಮುಂಗುಸಿ ಪೇಚಿಗೆ ಸಿಕ್ಕಿತು. "ಹಾಗಾದರೆ ಬೆಳೆಸಿಕೊಳ್ಳಿ. ನಾನು ಕಾಯುತ್ತೇನೆ."

"ಅಯ್ಯೋ, ಮೊದಲು ಕಚ್ಚೋ ಮಾರಾಯ!" ಎಂದು ಕೋಳಿ ಬಾಯಿ ಬಡಿದುಕೊಂಡಿತು.

"ಬೆಳೆಯಬೇಕಾದರೆ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ," ಎನ್ನುತ್ತ ಹಾವು ಒಂದು ಮೊಟ್ಟೆ ನುಂಗಿತು.

ಮುಂಗುಸಿ ಇನ್ನೊಂದನ್ನು ವಿನಯದಿಂದ ಅದರ ಮುಂದಕ್ಕೆ ಉರುಳಿಸಿತು. "ಇದನ್ನೂ ತೆಗೆದುಕೊಳ್ಳಿ. ಒಂದೇ ತೊಡೆ ಬಂದರೆ ಚೆನ್ನಾಗಿರುವುದಿಲ್ಲ."